ದುರಾಸೆ ನಮ್ಮದು, ಜಾಹೀರಾತು ಯಾರದು?

ಮಾನ್ಯರೇ,

ರಿಂಗ್ ರಸ್ತೆಯ ಹೋಟೆಲಿನ ‘ಬಾಲಿ ಜಮೀನು’ ಪ್ರಕರಣದ ಬಗ್ಗೆ ಮಂಗಳವಾರ ನಿಮ್ಮಲ್ಲಿ ಬಂದ ವರದಿ ಓದಿದೆ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಜಮೀನು ಕೊಡಿಸುತ್ತೇವೆ ಎಂದು ಕಂಪನಿಯೊಂದು ಹೋಟೆಲಿನಲ್ಲಿ ಸಭೆ ಕರೆದು ನಮ್ಮಂಥವರಿಂದ ಹಣ ಕಟ್ಟಿಸಿಕೊಂಡ ಕತೆ ಅದು. ಉಳಿದ ವಿವರವೆಲ್ಲ ನೀವೇ ಬರೆದಿದ್ದೀರಿ, ಮತ್ತೆ ಹೇಳುವುದಿಲ್ಲ. ನನ್ನ ಹೊಟ್ಟೆ ಉರಿದದ್ದು ಕೊನೆಯ ಸಾಲಿಗೆ. ‘ಜನರ ದುರಾಸೆಯೇ ಇದಕ್ಕೆಲ್ಲ ಕಾರಣ, ವಿದೇಶದಲ್ಲಿ ಭೂಮಿ ಕೊಳ್ಳುವಾಗ ಎಚ್ಚರ ವಹಿಸಬೇಕು’ ಎಂದು ಹೆಸರು ಹೇಳಲು ಇಚ್ಛಿಸದ ಹಿರಿಯ ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಇಷ್ಟು ದೊಡ್ಡ ಸತ್ಯ ನುಡಿಯುವವರಿಗೆ ಹೆಸರು ಹೇಳಲು ಯಾಕಷ್ಟು ನಾಚಿಕೆಯೋ.

ಆ ದುರಾಸೆಯವರಲ್ಲಿ ನಾನೂ ಒಬ್ಬ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು. ಎಚ್ಚರ ವಹಿಸದೆ ಹೋದವನೇನಲ್ಲ. ಕಾಗದಪತ್ರ ಕೇಳಿದೆ, ಕೊಟ್ಟರು. ನೋಟರಿ ಸೀಲು ಕೇಳಿದೆ, ಇತ್ತು. ಅಲ್ಲಿ ಭೂಮಿಯನ್ನು ‘ಆರೆ’ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಆರೆ ಎಂದರೆ 100 ಚದರ ಮೀಟರ್, ನಮ್ಮ ಗುಂಟೆಗಿಂತ ಕೂದಲೆಳೆಯಷ್ಟು ಕಡಿಮೆ ಎಂದು ನಾನೇ ಲೆಕ್ಕ ಹಾಕಿ ಪಕ್ಕದವರಿಗೂ ಹೇಳಿಕೊಟ್ಟೆ. ಬಾಲಿಯ ತಬನಾನ್ ಕಡೆ, ಗದ್ದೆಯ ಅಂಚಿನಲ್ಲಿ ಎರಡು ಆರೆ, 28 ಲಕ್ಷ ರೂಪಾಯಿ. ಅಲ್ಲಿನ ದುಡ್ಡಿನಲ್ಲಿ ಐವತ್ತು ಕೋಟಿ ರುಪಿಯಾಕ್ಕೂ ಹೆಚ್ಚು. ಒಂದು ವಾರ ನಾನು ಐವತ್ತು ಕೋಟಿಯ ಆಸಾಮಿಯಾಗಿ ವಾಕಿಂಗ್ ಹೋದೆ.

ವಿದೇಶಿಯರ ಹೆಸರಿಗೆ ಅಲ್ಲಿ ಭೂಮಿ ಆಗುವುದಿಲ್ಲ, ಆದ್ದರಿಂದ ‘ಸ್ಥಳೀಯ ಪಾಲುದಾರ’ರ ಹೆಸರಿನಲ್ಲಿ ಪತ್ರ, ಅವರಿಂದ ನಿಮಗೆ ಸಾಲಪತ್ರ ಮತ್ತು ಅಧಿಕಾರಪತ್ರ, ಅವರು ಬರೀ ನಾಮಿನಿ ಎಂದು ಕಂಪನಿಯವರು ಹೋಟೆಲಿನಲ್ಲಿ ಜಾಮೂನು ಬಡಿಸುತ್ತಾ ವಿವರಿಸಿದರು. ಬ್ಯಾಂಕಿನಲ್ಲಿ ನಾಮಿನಿ ಎಂದರೆ ನಾನು ಸತ್ತ ಮೇಲೆ ಬರುವವನು. ಬಾಲಿಯವನು ಅಷ್ಟು ದಿನ ಕಾಯಲಿಲ್ಲ. ಹಕ್ಕುಪತ್ರವನ್ನು ಅಲ್ಲಿನ ಬ್ಯಾಂಕಿಗೆ ಅಡವಿಟ್ಟು ಸಾಲ ಎತ್ತಿದ್ದಾನೆ.

ಈಗ ವಕೀಲರಿಗೆ ಫೀಸು ಕೊಟ್ಟು ಕಲಿತದ್ದನ್ನು ಉಚಿತವಾಗಿ ಬರೆಯುತ್ತೇನೆ. ಇಂಡೊನೇಷ್ಯಾದ 1960ರ ಮೂಲ ಭೂ ಕಾನೂನಿನ 21ನೇ ಕಲಂ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ಆ ದೇಶದ ಪ್ರಜೆಗೆ ಮಾತ್ರ. 26ನೇ ಕಲಂ ಇನ್ನೂ ಖಡಕ್. ವಿದೇಶಿಯನಿಗೆ ನೇರವಾಗಿಯೋ ಬಳಸುದಾರಿಯಲ್ಲೋ ಒಡೆತನ ದಾಟಿಸುವ ಕರಾರು ಹುಟ್ಟಿದಾಗಲೇ ಸತ್ತಂತೆ, ಭೂಮಿ ಸರ್ಕಾರಕ್ಕೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ಸಾಲಪತ್ರದ ನಾಟಕವೆಲ್ಲ ಇದರಲ್ಲೇ ಬಿತ್ತು. ನಾವು ‘ಬೇನಾಮಿ’ ಎಂದು ಕರೆಯುವುದನ್ನೇ ಅವರು ಇಂಗ್ಲಿಷಿನಲ್ಲಿ ‘ನಾಮಿನಿ’ ಎಂದು ಹೇಳಿದ್ದಕ್ಕೆ ನಾವು ತಲೆಯಾಡಿಸಿದೆವು. ಇಲ್ಲಿ 1988ರಿಂದ ಬೇನಾಮಿ ನಿಷೇಧ ಕಾಯ್ದೆ ಇದೆ ಎಂದು ಗೊತ್ತಿದ್ದವನೇ ನಾನು.

ನೋಟರಿಯ ಕತೆಯೂ ಅಷ್ಟೇ. ನಮ್ಮಲ್ಲಿ ಕೋರ್ಟಿನ ಮುಂದೆ ಹೊಂಗೆ ಮರದ ಕೆಳಗೆ ಕೂತು ಸೀಲು ಒತ್ತುವವರು ನೋಟರಿ. ಅಲ್ಲಿ ‘ನೋಟಾರಿಸ್’ ಎಂದರೆ ಸರ್ಕಾರ ನೇಮಿಸಿದ ಕಾನೂನು ಪಂಡಿತ. ಅದರಲ್ಲೂ ಭೂಮಿಯ ಕ್ರಯಪತ್ರ ಬರೆಯಲು ‘ಪಿಪಿಎಟಿ’ ಅಧಿಕಾರ ಇರುವವರೇ ಬೇಕು. ನನ್ನ ಕಾಗದದ ಮೇಲಿದ್ದ ಸೀಲಿನ ಅರ್ಥ, ಇಂಥದೊಂದು ಖಾಸಗಿ ಕರಾರನ್ನು ನೋಟರಿ ತನ್ನ ಪುಸ್ತಕದಲ್ಲಿ ನಮೂದಿಸಿಕೊಂಡಿದ್ದಾನೆ ಎಂದಷ್ಟೇ. ಭೂ ಕಚೇರಿಗೆ ಹೋಗಿ ಹಕ್ಕುಪತ್ರದ ಮೇಲೆ ಅಡಮಾನ ಇದೆಯೇ, ಜಾಗ ಕಟ್ಟಡ ಕಟ್ಟಲು ಬಿಡದ ಹಸಿರು ವಲಯದಲ್ಲಿದೆಯೇ ಎಂದು ಮೊದಲೇ ನೋಡಿಸಬಹುದಿತ್ತು. ನನ್ನದು ಹಸಿರು ವಲಯದಲ್ಲೇ ಇದೆ. ಗದ್ದೆ ನೋಡುತ್ತಾ ಕಾಫಿ ಕುಡಿಯಬಹುದು ಎಂದಿದ್ದರು, ಸುಳ್ಳೇನಲ್ಲ, ಗದ್ದೆಯಲ್ಲೇ ನಿಂತು ಕುಡಿಯಬೇಕು.

ನೇರವಾದ ದಾರಿ ಇರಲಿಲ್ಲವೇ? ಇತ್ತು. ವರ್ಷಗಳ ಲೆಕ್ಕದಲ್ಲಿ ಗುತ್ತಿಗೆ ತೆಗೆದುಕೊಳ್ಳಬಹುದು. ಅಲ್ಲಿ ವಾಸದ ಪರವಾನಗಿ ಇದ್ದರೆ ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು, ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಅಲ್ಲಿ ಕಂಪನಿ ಮಾಡಿ, ಒಡೆತನವಲ್ಲದಿದ್ದರೂ, ಕಟ್ಟಡ ಕಟ್ಟಿಕೊಳ್ಳುವ ಹಕ್ಕನ್ನು ಅದರ ಹೆಸರಿಗೆ ಪಡೆಯಬಹುದು, ಆದರೆ ಅದಕ್ಕೆ ಸಾವಿರ ಕೋಟಿ ರುಪಿಯಾ ಮೀರಿದ ಹೂಡಿಕೆ ತೋರಿಸಬೇಕು. ನಮ್ಮ ಐದು ಕೋಟಿ ರೂಪಾಯಿಗೂ ಮೇಲಾಯಿತು, ಪಿಂಚಣಿದಾರನ ಕೆಲಸವಲ್ಲ. ಹೋಟೆಲಿನಲ್ಲಿ ಗುತ್ತಿಗೆಯ ಮಾತೆತ್ತಿದವರಿಗೆ ‘ಬಾಡಿಗೆ ಮನೆಯ ಮನಃಸ್ಥಿತಿ ಬಿಡಿ ಸಾರ್’ ಎಂದು ಮೈಕಿನಲ್ಲೇ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇನ್ನು ನಿನ್ನೆಯ ಕತೆ. ದೂರು ಕೊಡಲು ಠಾಣೆಗೆ ಹೋದೆ. ‘ಸಾರ್, ಇದು ಸಿವಿಲ್ ಮ್ಯಾಟರು’ ಎಂದರು. ಸೈಬರ್ ಠಾಣೆಗೆ ಹೋದರೆ, ‘ನೀವೇ ಬ್ಯಾಂಕಿಗೆ ನಡೆದುಕೊಂಡು ಹೋಗಿ ಹಣ ಕಳಿಸಿದ್ದೀರಿ, ಸೈಬರ್ ಎಲ್ಲಿ ಬಂತು?’ ಮೂರನೆಯ ಕಡೆ, ‘ಕೃತ್ಯ ನಡೆದದ್ದು ಫಾರಿನ್ನಿನಲ್ಲಿ.’ ಸ್ವಾಮಿ, ಜಾಮೂನು ತಿಂದದ್ದು ರಿಂಗ್ ರಸ್ತೆಯಲ್ಲಿ! ಅಪರಾಧ ಯಾವ ಸರಹದ್ದಿನಲ್ಲಿ ನಡೆದರೂ ಮಾಹಿತಿ ಬರೆದುಕೊಳ್ಳಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದಲ್ಲ ಎಂದೆ. ‘ಮೇಷ್ಟ್ರಾ?’ ಎಂದು ಕೇಳಿ ಕೂರಲು ಬೆಂಚು ತೋರಿಸಿದರು. ಎರಡೂವರೆ ಗಂಟೆ ಕೂತೆ, ಸಕ್ಕರೆ ಕಾಯಿಲೆಯವನು. ಆಮೇಲೆ ಆರೋಪಿಯ ಹೆಸರು ಕೇಳಿದರು. ‘ವಯಾನ್’ ಎಂದೆ. ಬಾಲಿಯಲ್ಲಿ ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಇಡುವ ಹೆಸರೇ ಅದು. ಅಂದರೆ ನನ್ನ ಆರೋಪಿ ಬಾಲಿಯ ಹಿರಿಮಗ. ‘ಇನಿಷಿಯಲ್ ಇಲ್ಲವಾ?’ ಎಂದರು. ನಾಳೆ ಬನ್ನಿ ಎಂದು ಕಳಿಸಿದರು.

ಹಣ ಕಳಿಸುವಾಗ ಮಾತ್ರ ಸರ್ಕಾರಕ್ಕೆ ಎಲ್ಲ ಕಾಣುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ, ಎ2 ಫಾರಂ, ಪ್ಯಾನ್ ಕಾರ್ಡು. 10 ಲಕ್ಷ ಮೀರಿದ್ದಕ್ಕೆ ಶೇ 20ರಂತೆ ಟಿಸಿಎಸ್, ಅಂದರೆ ಮುಂಗಡವಾಗಿ ಹಿಡಿಯುವ ತೆರಿಗೆ, ಎಂದು 3 ಲಕ್ಷದ 60 ಸಾವಿರ ಮೊದಲೇ ಹಿಡಿದುಕೊಂಡರು. ‘ರಿಟರ್ನಿನಲ್ಲಿ ಹೊಂದಿಸಿಕೊಳ್ಳಿ’ ಎಂದರು, ಹೊಂದಿಸಿಕೊಳ್ಳುತ್ತಲೇ ಇದ್ದೇನೆ. ಈಗ ಆಡಿಟರ್ ಹೇಳುವುದು ಕೇಳಿ: ವಿದೇಶದ ಆಸ್ತಿಯನ್ನು ರಿಟರ್ನಿನಲ್ಲಿ ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಬೀಳಬಹುದಂತೆ. ತೋರಿಸಿದರೆ, ಬೇನಾಮಿ ನನ್ನದೇ ಎಂದು ನಾನೇ ಸಹಿ ಹಾಕಿದಂತೆ. ಇಲ್ಲದ ಜಮೀನಿಗೆ ಎರಡು ದೇಶಗಳಲ್ಲಿ ತಪ್ಪಿತಸ್ಥನಾಗುವ ಭಾಗ್ಯ.

ಮನೆಯವಳು ಅಂದೇ ಹೇಳಿದ್ದಳು, ‘ರೀ, ಬಾಲಿ ಆಮೇಲೆ, ಊರಲ್ಲಿ ಭಾವನವರ ಜೊತೆ ಇರೋ ಜಂಟಿ ಜಮೀನು ಮೊದಲು ಅಳತೆ ಮಾಡಿಸಿ, ಪಾಲು ಬೇರೆ ಮಾಡಿ ಪೋಡಿ ಮಾಡಿಸಿ’ ಎಂದು. ಮಾಡಿಸಲಿಲ್ಲವೇ? ಅರ್ಜಿ ಹಾಕಿ ಒಂಬತ್ತು ವರ್ಷ. ಮೊದಲ ಸರ್ವೇಯರ್ ವರ್ಗವಾದರು, ಎರಡನೆಯವರಿಗೆ ಮೂಲ ಟಿಪ್ಪಣಿ ಸಿಗಲಿಲ್ಲ, ಮೂರನೆಯವರು ಬಂದ ದಿನ ಪಕ್ಕದ ಜಮೀನಿನವರು ಊರಲ್ಲಿರಲಿಲ್ಲ. ಸರ್ವೇಯವರ 11ಇ ನಕ್ಷೆಯಲ್ಲಿ ನಮ್ಮ ಬಾವಿ ರಸ್ತೆಯ ಆಚೆಗೆ ಹೋಗಿ ಕೂತಿದೆ. ಇತ್ತ ಸೈಟಿನ ಇ-ಖಾತೆಗೆ ಹೋದರೆ ಸರ್ವರ್ ಡೌನ್. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾದರೂ ಪಹಣಿಯಲ್ಲಿ ಅವರೇ ರಾಗಿ ಬೆಳೆಯುತ್ತಿದ್ದಾರೆ. ತನ್ನ ಊರಿನಲ್ಲಿ ಎರಡು ಗುಂಟೆಯ ಗಡಿ ಹುಡುಕಲಾಗದವನು ಸಮುದ್ರ ದಾಟಿ ಎರಡು ಆರೆ ಕೊಂಡರೆ ಅದಕ್ಕೆ ದುರಾಸೆ ಎನ್ನುತ್ತಾರೆ. ಬೇಸತ್ತು ಹೋದದ್ದು ಎಂದು ಯಾರೂ ಬರೆಯುವುದಿಲ್ಲ.

ಸಂಪಾದಕರೇ, ನಿಮಗೂ ಒಂದು ಮಾತು. ಇದೇ ಕಂಪನಿಯ ಪೂರ್ತಿ ಪುಟದ ಬಣ್ಣದ ಜಾಹೀರಾತು ಯುಗಾದಿಯ ಸಂಚಿಕೆಯಲ್ಲಿ ಮುಖಪುಟಕ್ಕೂ ಮುಂಚೆ ಬಂದಿತ್ತು. ನನ್ನಲ್ಲಿ ಇನ್ನೂ ಇದೆ, ಅಡುಗೆಮನೆಯ ಕಪಾಟಿಗೆ ಹಾಸಿದ್ದೇವೆ. ಆಗ ಅದು ‘ಸುವರ್ಣಾವಕಾಶ’, ಈಗ ‘ಜಾಲ’.

ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತು ಇಂಥ ಹೋಟೆಲ್ ಸಭೆಗಳಿಗೆ ಕಡಿವಾಣ ಹಾಕಬೇಕು. ಬೇಡ, ಸಭೆ ನಡೆಯಲಿ, ಆ ಹಿರಿಯ ಅಧಿಕಾರಿಯೇ ಬಂದು ಬಾಗಿಲಲ್ಲಿ ನಿಂತು ಎಚ್ಚರಿಕೆ ಹೇಳಲಿ. ನಮ್ಮ ಹಣ ವಾಪಸ್ ಕೊಡಿಸಬೇಕು, ಇಲ್ಲವೇ ಕೊಡಿಸುವುದಿಲ್ಲ ಎಂದು ಬರೆದಾದರೂ ಕೊಡಬೇಕು. ಹಾಗೆಯೇ ಆ ಪೋಡಿ.

– ನಿವೃತ್ತ ಉಪನ್ಯಾಸಕ, ಮೈಸೂರು