ಮೊಲದ ಕಿವಿಯ ಹಕ್ಕಳೆ ಕೀಳಬೇಡಿ

ಮಾನ್ಯ ಸಂಪಾದಕರೇ,

ಸಾಕು ಮೊಲದ ಕಿವಿಯೊಳಗೆ ಕಂದುಬಣ್ಣದ ಹಕ್ಕಳೆ ಪದರಪದರವಾಗಿ ಕಟ್ಟಿಕೊಂಡಿದ್ದರೆ ಬಹಳ ಮಂದಿ ಅದನ್ನು ಕೊಳೆ ಎಂದುಕೊಂಡು ಹತ್ತಿಕಡ್ಡಿ ಹಿಡಿದು ಕೂರುತ್ತಾರೆ. ಅದು ಕೊಳೆಯಲ್ಲ. ಸೊರೊಪ್ಟಿಸ್ ಎಂಬ ನುಸಿ ಚರ್ಮವನ್ನು ಕೆರಳಿಸಿದಾಗ ಒಸರುವ ನೀರು, ರಕ್ತ, ನುಸಿಯ ಹಿಕ್ಕೆ ಎಲ್ಲ ಸೇರಿ ಒಣಗಿದ ಗಟ್ಟಿ ಅದು. ಅದರಡಿಯ ಚರ್ಮ ಹಸಿ ಗಾಯದಂತಿರುತ್ತದೆ. ಕಿತ್ತರೆ ಮೊಲಕ್ಕೆ ಸಹಿಸಲಾಗದ ನೋವು, ರಕ್ತವೂ ಬರುತ್ತದೆ. ಸರಿಯಾದ ಔಷಧಿ ಬಿದ್ದರೆ ಹಕ್ಕಳೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ.

ಆರೋಗ್ಯವಂತ ಮೊಲದ ಕಿವಿಯಲ್ಲೂ ತುಸು ಹಳದಿ ಗುಗ್ಗೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಪದೇ ಪದೇ ತಲೆ ಕೊಡವುವುದು, ಹಿಂಗಾಲಿನಿಂದ ಕಿವಿ ಕೆರೆಯುವುದು, ಒಂದು ಕಿವಿ ಜೋತುಬೀಳುವುದು, ಕೆಟ್ಟ ವಾಸನೆ, ಕಿವಿಯ ಬುಡ ಮುಟ್ಟಿದರೆ ಬೆಚ್ಚುವುದು, ಇವು ಕಂಡರೆ ತಡಮಾಡಬಾರದು. ಜೋಲುಕಿವಿಯ ತಳಿಗಳನ್ನು ಇನ್ನೂ ಹೆಚ್ಚು ಗಮನಿಸಬೇಕು. ಅವುಗಳ ಕಿವಿನಾಳ ಮಡಚಿಕೊಂಡು ಕಿರಿದಾಗಿರುವುದರಿಂದ ಗುಗ್ಗೆ ಹೊರಬಾರದೆ ಬುಡದಲ್ಲಿ ಗಂಟಿನಂತೆ ಕೀವು ಕಟ್ಟುತ್ತದೆ. ಮೊಲದ ಕೀವು ಹರಿಯುವಂಥದ್ದಲ್ಲ, ಟೂತ್‌ಪೇಸ್ಟಿನಷ್ಟು ಗಟ್ಟಿ. ಹಾಗಾಗಿ ಬರೀ ಮಾತ್ರೆಯಿಂದ ಅದು ಕರಗುವುದು ಕಷ್ಟ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ನುಸಿಗೆ ವೈದ್ಯರು ಸಾಮಾನ್ಯವಾಗಿ ಐವರ್ಮೆಕ್ಟಿನ್ ಚುಚ್ಚುಮದ್ದು ಅಥವಾ ಕತ್ತಿನ ಹಿಂದೆ ಹಚ್ಚುವ ಸೆಲಾಮೆಕ್ಟಿನ್ ಕೊಡುತ್ತಾರೆ. ಐವರ್ಮೆಕ್ಟಿನ್ ಪ್ರಮಾಣ ಕೆ.ಜಿ. ತೂಕಕ್ಕೆ 0.2ರಿಂದ 0.4 ಮಿ.ಗ್ರಾಂ. ಶೇ 1ರ ದ್ರಾವಣದಲ್ಲಿ ಒಂದು ಕೆ.ಜಿ. ಮೊಲಕ್ಕೆ ಅದು 0.02ರಿಂದ 0.04 ಮಿ.ಲೀ. ಮಾತ್ರ. ದನಕುರಿಗಳಿಗೆಂದು ಮಾರುವ ಬಾಟಲಿಯಿಂದ ಮನೆಯಲ್ಲೇ ಅಂದಾಜಿಗೆ ಕೊಡಲು ಹೋಗಿ ಅರ್ಧ ಮಿ.ಲೀ. ಕೊಟ್ಟರೆ ಹತ್ತು ಪಟ್ಟಿಗೂ ಮೀರುತ್ತದೆ. ಚುಚ್ಚುಮದ್ದು ಒಂದಕ್ಕೇ ನಿಲ್ಲಿಸುವುದು ಇನ್ನೊಂದು ತಪ್ಪು. ಮೊಟ್ಟೆಗಳ ಮೇಲೆ ಔಷಧಿ ಕೆಲಸ ಮಾಡುವುದಿಲ್ಲ, ಅವು ಒಡೆದು ಮರಿ ಬರುವ ಹೊತ್ತಿಗೆ, ಅಂದರೆ 10ರಿಂದ 14 ದಿನಕ್ಕೆ, ಮತ್ತೆ ಕೊಡಬೇಕು. ಜತೆಗಿರುವ ಎಲ್ಲ ಮೊಲಗಳಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಮೊಲದ ಮೈ ಬಿಟ್ಟ ನುಸಿ ಸುಮಾರು ಮೂರು ವಾರ ಬದುಕಬಲ್ಲದು. ಆದ್ದರಿಂದ ಹಳೆಯ ಹುಲ್ಲು ಎಸೆಯಿರಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ, ಗೂಡು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ.

ನಾಯಿಯ ಮೈಯ ಉಣ್ಣೆಹುಳ ಹೋಗಲಿ ಎಂದು ಬಳಸುವ ಫಿಪ್ರೊನಿಲ್ ಅನ್ನು ಮೊಲಕ್ಕೆ ಎಂದೂ ಹಾಕಬಾರದು, ಪ್ರಾಣಕ್ಕೇ ಕುತ್ತು. ನಾಯಿಯ ಕಿವಿಗೆಂದು ತಂದಿಟ್ಟ ಹನಿಯೂ ಬೇಡ. ಅವುಗಳಲ್ಲಿ ಹಲವುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ, ಅದು ಮೊಲಕ್ಕೆ ಒಗ್ಗದು. ಕಿವಿತಮಟೆ ಹರಿದಿದ್ದರೆ ಅಂಥ ಕೆಲವು ಹನಿಗಳಲ್ಲಿರುವ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಒಳಗಿವಿಗೆ ಇಳಿದು ಮೊಲ ಕಿವುಡಾಗಬಹುದು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಭೇದಿಯಾಗಿ ಮೊಲವೇ ಸಾಯಬಹುದು.

ಕತ್ತು ಒಂದು ಕಡೆಗೆ ವಾಲಿದರೆ, ಕಣ್ಣುಗುಡ್ಡೆ ಅತ್ತಿತ್ತ ಅಲುಗಿದರೆ, ಮೊಲ ಉರುಳಾಡಿದರೆ ಅದು ಒಳಗಿವಿಯ ಸೋಂಕಿರಬಹುದು ಅಥವಾ ಮಿದುಳಿಗೆ ತಗಲುವ ಎನ್ಸೆಫಲಿಟೋಜೂನ್ ಎಂಬ ಪರಾವಲಂಬಿ ಇರಬಹುದು. ಎರಡರ ಚಿಕಿತ್ಸೆ ಬೇರೆಬೇರೆ. ಎರಡನೆಯದಕ್ಕೆ ಫೆನ್ಬೆಂಡಜೋಲ್ ಅನ್ನು 28 ದಿನ ಕೊಡುತ್ತಾರೆ. ಹೊರಗಿನಿಂದ ನೋಡಿ ಯಾವುದೆಂದು ಹೇಳುವುದು ಕಷ್ಟ, ಎಕ್ಸ್‌ರೇ ಇಲ್ಲವೇ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ನೋವಿರುವ ಮೊಲ ಮೇವು ಬಿಡುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಕರುಳು ನಿಂತುಹೋಗುವ ಅಪಾಯವಿದೆ, ಬೆಳಿಗ್ಗೆ ನೋಡೋಣ ಎನ್ನಬೇಡಿ.

ಬೆಂಗಳೂರಿನಲ್ಲಿ ಮೊಲ ನೋಡಿ ಅನುಭವವಿರುವ ವೈದ್ಯರನ್ನು ಕಾಯಿಲೆ ಬರುವ ಮೊದಲೇ ಕೇಳಿ ತಿಳಿದಿಟ್ಟುಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು. 2018ರ ಪೆಟ್ ಶಾಪ್ ನಿಯಮಗಳಂತೆ ಅಂಗಡಿಗಳ ನೋಂದಣಿ ಕಡ್ಡಾಯ. ಅಂಗಡಿಯವರು ಮಾರುವ ಮುನ್ನ ಪ್ರತಿ ಮೊಲದ ಎರಡೂ ಕಿವಿಗೆ ಟಾರ್ಚ್ ಹಾಕಿ ನೋಡುವುದನ್ನು ಪಶುಪಾಲನಾ ಇಲಾಖೆ ರೂಢಿಗೆ ತರಬೇಕು. ಕೊಳ್ಳುವವರೂ ಹಾಗೆ ನೋಡಿಯೇ ಹಣ ಕೊಡಬೇಕು.

– ಒಬ್ಬ ಪಶುವೈದ್ಯೆ, ಮಲ್ಲೇಶ್ವರ, ಬೆಂಗಳೂರು