ಅಪ್ಪನ ಕಾಲು ಮೊದಲು ತೋರಿಸಿ

ಎರ್ಬಿಲ್
ಗುರುವಾರ ರಾತ್ರಿ

ಮಾತೃಶ್ರೀ ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ.

ನಿನ್ನ ಕಾಗದದ ಫೋಟೋ ತೆಗೆದು ಸುಮಾ ಕಳಿಸಿದಳು. ಈದ್ ರಜೆಗೆ ದುಬೈನಿಂದ ಇರಾಕಿಗೆ ಹೋಗಿದ್ದಾನೆ ಅಂತ ಕೇಳಿ ರಾತ್ರಿ ಊಟವನ್ನೇ ಬಿಟ್ಟೆಯಂತೆ. ದಯವಿಟ್ಟು ಹಾಗೆ ಮಾಡಬೇಡ. ಇದು ಇರಾಕಿನ ಉತ್ತರಕ್ಕಿರುವ ಕುರ್ದ್ ಜನರ ಸೀಮೆ. ಇಲ್ಲಿ ಅವರದೇ ಸರ್ಕಾರ, ಕಾವಲಿಗೆ ಪೇಶ್‌ಮರ್ಗ ಅಂತ ಅವರದೇ ಪಡೆ. 2014ರಲ್ಲಿ ಉಗ್ರರ ಕೈಗೆ ಸಿಕ್ಕಿದ್ದ, ಹೆಚ್ಚಿನವರು ಕೇರಳದವರೇ ಆದ 46 ನರ್ಸ್‌ಗಳನ್ನು ಬಿಡಿಸಿಕೊಂಡು ಬಂದದ್ದನ್ನು ಟಿವಿಯಲ್ಲಿ ನೋಡಿ ನೀನು ಅತ್ತಿದ್ದೆಯಲ್ಲ, ಅವರು ಕೊಚ್ಚಿಗೆ ವಿಮಾನ ಹತ್ತಿದ್ದು ಇದೇ ಎರ್ಬಿಲ್‌ನಿಂದ. ರಾತ್ರಿ ಹತ್ತರ ಮೇಲೂ ಹೆಂಗಸರು ಮಕ್ಕಳು ಕಾರಂಜಿ ಪಕ್ಕ ಕೂತು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ನಾನೂ ಅಲ್ಲೇ ಕೂತಿದ್ದೆ.

ಊರ ನಡುವೆ ದಿಬ್ಬದ ಮೇಲೆ ಮಣ್ಣುಬಣ್ಣದ ಕೋಟೆ. ಬೆಟ್ಟ ಅಂದುಕೊಂಡರೆ ಅದು ಬೆಟ್ಟವಲ್ಲ. ಸಾವಿರಾರು ವರ್ಷ ಜನ ಮನೆ ಕಟ್ಟಿ, ಅದು ಬಿದ್ದ ಮೇಲೆ ಅಲ್ಲೇ ಮತ್ತೊಂದು ಕಟ್ಟಿ, ಹಾಗೆ ಎದ್ದ ದಿಬ್ಬ. 2007ರಲ್ಲಿ ರಿಪೇರಿಗೆಂದು ಎಲ್ಲರನ್ನೂ ಕೆಳಗೆ ಕಳಿಸಿದರೂ ಒಂದು ಸಂಸಾರವನ್ನು ಮಾತ್ರ ಮೇಲೆ ಉಳಿಸಿಕೊಂಡರು, ಒಲೆ ಉರಿಯದ ದಿನ ಬರಬಾರದು ಅಂತ. ನನಗೆ ಬಹಳ ಹಿಡಿಸಿದ್ದು ಇದು. 2014ರಲ್ಲಿ ಈ ಕೋಟೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಕೆಳಗೆ ಖೈಸರಿ ಬಜಾರು. ಹೊರಗೆ ದುಡ್ಡು ಬದಲಾಯಿಸುವವರು ಬಯಲಲ್ಲೇ ಮೇಜಿನ ಮೇಲೆ ನೋಟಿನ ಕಂತೆ ಪೇರಿಸಿಕೊಂಡು ಕೂರುತ್ತಾರೆ, ಯಾರೂ ಕೈ ಹಾಕುವುದಿಲ್ಲ. ಊಟದ ಜೊತೆ ಮಸ್ತಾವ್ ಕೊಡುತ್ತಾರೆ, ಉಪ್ಪು ಹಾಕಿದ ನಮ್ಮ ಮಜ್ಜಿಗೆಯ ಹಾಗೇ. ಹೊಟ್ಟೆಗೆ ಏನೂ ತೊಂದರೆ ಇಲ್ಲ.

ಮಚ್ಕೋ ಅಂತ ಹಳೇ ಟೀ ಅಂಗಡಿ ಇದೆ, ಕೋಟೆಯ ಬುಡದಲ್ಲೇ. ಅಪ್ಪನ ವಯಸ್ಸಿನವರು ದೊಗಳೆ ಷರಾಯಿ ಹಾಕಿ, ಸೊಂಟಕ್ಕೆ ಅಗಲ ಪಟ್ಟಿ ಸುತ್ತಿಕೊಂಡು ಹರಟುತ್ತಾರೆ. ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಟೀ, ತಳದಲ್ಲಿ ಕರಗದ ಸಕ್ಕರೆ. ಇಂಡಿಯಾದವನು ಅಂತ ತಿಳಿದ ಕೂಡಲೇ ಪಕ್ಕದ ಅಜ್ಜ ನನ್ನ ದುಡ್ಡನ್ನೂ ತಾನೇ ಕೊಟ್ಟುಬಿಟ್ಟ. ಅವನ ಕಾಲಲ್ಲಿ ಕ್ಲಾಶ್ ಇತ್ತು. ಬಿಳಿ ನೂಲಿನಲ್ಲಿ ಕೈಯಿಂದ ಹೆಣೆದ ಮೆಟ್ಟು, ಅಟ್ಟೆಗೆ ಬಟ್ಟೆ ಚೂರುಗಳನ್ನೇ ಒತ್ತಿ ಹೊಲಿದಿರುತ್ತಾರೆ. ಅಪ್ಪನಿಗೊಂದು ಜೊತೆ ತರೋಣ ಅಂತ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದೂ ನೋಡಿದೆ. ಕೊಳ್ಳಲು ಮನಸ್ಸು ಬರಲಿಲ್ಲ.

ಅಪ್ಪನ ಕಾಲಿನ ಹೆಬ್ಬೆರಳ ಹತ್ತಿರ ಹುಣ್ಣು, ಆದರೆ ನೋವೇ ಇಲ್ಲವಂತೆ, ಅರಿಶಿನ ಹಚ್ಚಿಕೊಂಡು ತೋಟಕ್ಕೆ ಬರಿಗಾಲಲ್ಲಿ ಹೋಗುತ್ತಾರೆ ಅಂತ ಬರೆದಿದ್ದೀಯಲ್ಲ. ಆ ನೋವಿಲ್ಲ ಅನ್ನೋದೇ ನನಗೆ ಹೆದರಿಕೆ, ಅಮ್ಮಾ. ಬಹಳ ವರ್ಷ ಶುಗರ್ ಇದ್ದವರಿಗೆ ಪಾದದ ನರ ಮರಗಟ್ಟಬಹುದು. ಆಗ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಹುಣ್ಣು ಒಳಗೊಳಗೇ ಮೂಳೆಯವರೆಗೂ ಹೋಗಬಹುದು. ಬಿಸಿನೀರಲ್ಲಿ ಕಾಲು ಇಡಿಸಲೇಬೇಡ, ಸುಟ್ಟರೂ ತಿಳಿಯುವುದಿಲ್ಲ. ಬೆರಳು ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಒಂದು ರಾತ್ರಿಯೂ ಕಾಯಬಾರದು. ಅಡಿಕೆ ಕೊಯ್ಲು ಮುಗಿಯಲಿ ಅಂತ ಅವರು ಹೇಳುತ್ತಾರೆ, ನೀನು ಕೇಳಬೇಡ. ಸೋಮವಾರವೇ ಮಾವನ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ದುಡ್ಡು ಸುಮಾಳ ಖಾತೆಗೆ ಹಾಕಿದ್ದೇನೆ, ಇನ್ನೂ ಬೇಕಾದರೆ ಹಾಕುತ್ತೇನೆ. ಇದು ನನ್ನ ಮಾತು ಅಂತ ಅಪ್ಪನಿಗೆ ಹೇಳು. ಬೈದರೆ ಫೋನಿನಲ್ಲಿ ನನ್ನನ್ನೇ ಬೈಯಲಿ.

ನನ್ನ ಚಿಂತೆ ಬೇಡ. ಹೋಟೆಲು ಚೆನ್ನಾಗಿದೆ, ಜನ ಒಳ್ಳೆಯವರು, ಹೋದಲ್ಲೆಲ್ಲ ಮೊಬೈಲ್ ಸಿಗ್ನಲ್ ಇದೆ. ನಿಜವಾಗಿ ಏನೂ ಭಯವಿಲ್ಲ. ಬೆಳಿಗ್ಗೆ ಬೇಗ ಇದೇ ಸೀಮೆಯ ಸುಲೈಮಾನಿಯಾ ಊರಿಗೆ ಟ್ಯಾಕ್ಸಿ, ಇನ್ನೂ ಬಟ್ಟೆ ತುಂಬಿಲ್ಲ. ಡಾಕ್ಟರು ಏನಂದರು ಅಂತ ಸೋಮವಾರ ಸಂಜೆಯೇ ಸುಮಾ ತಿಳಿಸಲಿ. ಅಜ್ಜಿಗೆ ನಮಸ್ಕಾರ, ಸುಮಾಳಿಗೆ ಆಶೀರ್ವಾದ.

ಇಂತಿ ನಿನ್ನ ಮಗ,
ರಘು