ಹೊಸಾನ್ನ ಅಂದ್ರೆ ಏನು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಗರಿಗಳ ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ, ಕೈಯಲ್ಲಿದ್ದ ಗರಿಯನ್ನು ಶಿಲುಬೆಯಾಗಿ ಮಡಚುತ್ತಾ ‘ಹೊಸಾನ್ನ ಅಂದ್ರೆ ಜೈಕಾರ ತಾನೇ?’ ಅಂತ ನೀನು ಕೇಳಿದೆ. ನಾನು ತಲೆಯಾಡಿಸಿಬಿಟ್ಟೆ. ತಪ್ಪಾಯ್ತು ಮಾರಾಯ. ಅದು ಮೂಲದಲ್ಲಿ ಮೊರೆ. ಹೀಬ್ರೂವಿನ ‘ಹೋಶಿಯಾ ನಾ’, ಅಂದರೆ ‘ಕಾಪಾಡಪ್ಪಾ’. ಬೈಬಲಿನ 118ನೆಯ ಕೀರ್ತನೆಯ 25ನೆಯ ವಚನದಲ್ಲಿದೆ. ಪ್ರಭುವಿನ ಹೆಸರಿನಲ್ಲಿ ಬರುವವನನ್ನು ಹರಸುವ ಮಾತು ಅದರ ಮರುವಚನದಲ್ಲೇ ಇದೆ. ಯೆರೂಸಲೇಮಿಗೆ ಬಂದ ಯೇಸುಸ್ವಾಮಿಯನ್ನು ಗರಿ ಹಿಡಿದು ಎದುರುಗೊಂಡ ಜನ ಹೊಸದೇನನ್ನೂ ಕೂಗಲಿಲ್ಲ. ಹಬ್ಬಹಬ್ಬಕ್ಕೂ ಹಾಡಿ ಬಾಯಿಪಾಠವಾಗಿದ್ದನ್ನೇ ಕೂಗಿದರು.

ಅಲ್ಲಿಂದ ಆ ಕೀರ್ತನೆಯ ಬೆನ್ನುಹತ್ತಿದೆ. 113ರಿಂದ 118ರವರೆಗಿನ ಆರು ಕೀರ್ತನೆಗಳಿಗೆ ಯೆಹೂದ್ಯರು ಹಲ್ಲೇಲ್, ಅಂದರೆ ಸ್ತುತಿ, ಎನ್ನುತ್ತಾರೆ. ನಮ್ಮ ಹಲ್ಲೆಲೂಯದಲ್ಲಿರುವುದೂ ಅದೇ ಪದ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಅವರ ಪಾಸ್ಕ ಹಬ್ಬದ ರಾತ್ರಿ ಊಟಕ್ಕೆ ಮುಂಚೆ ಒಂದಿಷ್ಟು, ಊಟವಾದ ಮೇಲೆ ಉಳಿದದ್ದು ಹಾಡುತ್ತಾರೆ. ಈಗ ಮಾರ್ಕನ ಸುವಾರ್ತೆಯ 14ನೆಯ ಅಧ್ಯಾಯ ತೆಗೆದು ನೋಡು. ಯೇಸುವೂ ಶಿಷ್ಯರೂ ಕಡೆಯ ಭೋಜನ ಮುಗಿಸಿ, ಕೀರ್ತನೆ ಹಾಡಿ, ಓಲಿವ್ ಗುಡ್ಡಕ್ಕೆ ಹೊರಟರು ಅಂತ ಒಂದೇ ಸಾಲಿದೆ. ಹಾಡಿದ್ದು ಹಲ್ಲೇಲ್ ಇರಬೇಕು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ, ಜನ ತನ್ನೆದುರು ಕೂಗಿದ ‘ಕಾಪಾಡಪ್ಪಾ’ವನ್ನು ಆ ರಾತ್ರಿ ಯೇಸುವೇ ಹಾಡಿದರು. ಕಟ್ಟುವವರು ಬೇಡವೆಂದ ಕಲ್ಲು ಮೂಲೆಗಲ್ಲಾದ ಮಾತೂ ಅದೇ ಕೀರ್ತನೆಯದ್ದು. ಅದನ್ನು ಹಾಡಿ ಹೊರಟವರು ನಸುಕಾಗುವ ಮೊದಲೇ ಸೆರೆಯಾದರು. ಇಲ್ಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಪೂಜೆಯಲ್ಲಿ ನಾವು ಹಾಡುವ ‘ಪವಿತ್ರ, ಪವಿತ್ರ, ಪವಿತ್ರ’ ಪ್ರವಾದಿ ಯೆಶಾಯನ ಗ್ರಂಥದ 6ನೆಯ ಅಧ್ಯಾಯದ್ದು. ಸಭಾಮಂದಿರಗಳಲ್ಲಿ ಯೆಹೂದ್ಯರು ಇಂದಿಗೂ ಅದನ್ನು ಹೇಳುತ್ತಾರೆ, ಒಂದೊಂದು ‘ಪವಿತ್ರ’ಕ್ಕೂ ಹಿಮ್ಮಡಿ ಎತ್ತಿ. ಪರ್ಣಶಾಲೆಗಳ ಹಬ್ಬದ ಏಳನೆಯ ದಿನ ಖರ್ಜೂರದ ಗರಿ ಹಿಡಿದು ‘ಹೋಶನಾ’ ಎನ್ನುತ್ತಾ ಏಳು ಸುತ್ತು ಬರುತ್ತಾರೆ. ನಮ್ಮ ಗರಿ, ನಮ್ಮ ಹೊಸಾನ್ನ ಅಂದುಕೊಂಡಿದ್ದೆವಲ್ಲ!

ಇಷ್ಟೆಲ್ಲ ಅವರಿಂದ ಪಡೆದ ನಾವು ಶುಭ ಶುಕ್ರವಾರದ ಲತೀನ್ ಪ್ರಾರ್ಥನೆಯಲ್ಲಿ ಅವರಿಗೆ ಅಂಟಿಸಿದ್ದ ಹೀನ ವಿಶೇಷಣವನ್ನು ಪೋಪ್ 23ನೆಯ ಜಾನ್ ತೆಗೆಸಿದ್ದು 1959ರಲ್ಲಿ. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ನಮ್ಮ ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ಆಗ ನಮ್ಮಪ್ಪನಿಗೆ ಮದುವೆಯೂ ಆಗಿತ್ತು, ಅಷ್ಟು ಈಚಿನ ಮಾತು.

ಇನ್ನೊಂದು ತಕರಾರಿದೆ. ಈಗೀಗ ಕೆಲವು ಕಡೆ ನಮ್ಮ ಕ್ರೈಸ್ತರೇ ಯೆಹೂದ್ಯರಂತೆ ಟಗರಿನ ಕೊಂಬು ಊದಿ, ಪ್ರಾರ್ಥನೆಯ ಶಾಲು ಹೊದ್ದು, ಪಾಸ್ಕದ ಊಟಕ್ಕೆ ಕೂತು, ಬೇರಿಗೆ ಮರಳಿದೆವು ಎನ್ನುತ್ತಾರೆ. ನನಗದು ಸರಿಬರುವುದಿಲ್ಲ. ಯೆಹೂದ್ಯರ ಪಾಸ್ಕದ ಊಟದ ಇಂದಿನ ಕ್ರಮ ಬಹುಪಾಲು ರೂಪುಗೊಂಡದ್ದೇ ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ. ಅದು ಅವರ ಮನೆಯ ಹಬ್ಬ. ಕರೆದರೆ ಹೋಗಿ ಕೂರೋಣ, ವೇಷ ಹಾಕುವುದು ಬೇಡ.

ಮಾವಿಗೆ ಕಸಿ ಕಟ್ಟುವ ನಿನಗೆ ಪೌಲರು ರೋಮನ್ನರಿಗೆ ಬರೆದದ್ದು ವಿಚಿತ್ರ ಅನ್ನಿಸಬಹುದು. ನೀನಾದರೆ ಕಾಟು ಗಿಡಕ್ಕೆ ಒಳ್ಳೆ ಜಾತಿಯ ಕಡ್ಡಿ ಕಟ್ಟುತ್ತೀ. ಅವರು ಉಲ್ಟಾ ಹೇಳುತ್ತಾರೆ: ಒಳ್ಳೆ ಓಲಿವ್ ಮರಕ್ಕೆ ಕಾಡು ಓಲಿವಿನ ಕೊಂಬೆ! ಸ್ವಭಾವಕ್ಕೆ ವಿರುದ್ಧ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಆ ಒಳ್ಳೆ ಮರ ಯೆಹೂದ್ಯರದ್ದು, ಕಾಡು ಕೊಂಬೆ ನಾವು.

ನಮ್ಮ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಊರಿಗೆ ಬರುತ್ತೇನೆ. ಬೈಬಲ್ ತೆಗೆದಿಡು, ಆ ಆರೂ ಕೀರ್ತನೆಗಳನ್ನು ಜೋರಾಗಿ ಓದೋಣ.

ಇಂತಿ ನಿನ್ನ
ಗೆಳೆಯ